ನೋವಿಲ್ಲದ ಹುಣ್ಣು, ಮಾಯದ ಹುಣ್ಣು: ಮರಳು ನೊಣದ ಕಾಯಿಲೆ ಬಗ್ಗೆ ಚರ್ಮದ ಡಾಕ್ಟರಿಗೆ ಪ್ರಶ್ನೆಗಳು

ಡಾಕ್ಟರ್: ಎಲ್ಲರಿಗೂ ನಮಸ್ಕಾರ. ಈ ವಾರ ಗುಂಪಿನಲ್ಲಿ ಚರ್ಮದ ಕಾಯಿಲೆಗಳ ಸರದಿ. ನಾನು ಮಂಗಳೂರಿನಲ್ಲಿ ಚರ್ಮದ ಡಾಕ್ಟರ್. ಅದಕ್ಕೂ ಮೊದಲು ಏಳು ವರ್ಷ ಸೌದಿಯ ಪೂರ್ವ ಭಾಗದಲ್ಲಿ ಕೆಲಸ ಮಾಡಿದ್ದೆ. ಗಲ್ಫ್‌ನಲ್ಲಿರುವ ನಮ್ಮವರು ಅಲ್ಲಿನ ಹುಣ್ಣುಗಳ ಬಗ್ಗೆ ಜಾಸ್ತಿ ಕೇಳಿದ್ದಾರೆ, ಹಾಗಾಗಿ ಅದರಿಂದಲೇ ಶುರು ಮಾಡೋಣ. ಒಂದು ಮಾತು ಮೊದಲೇ ಹೇಳುತ್ತೇನೆ. ಬರೆದದ್ದನ್ನು ಓದಿ, ಫೋಟೊ ನೋಡಿ, ಕಾಯಿಲೆ ಇದೇ ಅಂತ ಹೇಳಲು ನನ್ನಿಂದ ಆಗುವುದಿಲ್ಲ. ಯಾರಿಗೆ ತೋರಿಸಬೇಕು, ಏನು ಕೇಳಬೇಕು, ಏನು ಮಾಡಬಾರದು ಅನ್ನುವುದನ್ನು ಹೇಳಬಲ್ಲೆ.

ಪ್ರಶ್ನೆ (ಅಲ್ ಅಹ್ಸಾ, ಸೌದಿ): ಡಾಕ್ಟ್ರೇ, ನಾನು ಕುಂದಾಪುರ ಕಡೆಯವನು. ಇಲ್ಲಿ ಹೊಫೂಫ್ ಹತ್ತಿರ ಖರ್ಜೂರದ ತೋಟಗಳಲ್ಲಿ ಪಂಪ್ ರಿಪೇರಿ ಕೆಲಸ. ಎರಡೂವರೆ ತಿಂಗಳ ಹಿಂದೆ ಬಲಗೈ ಮಣಿಕಟ್ಟಿನ ಮೇಲೆ ಸೊಳ್ಳೆ ಕಚ್ಚಿದ ಹಾಗೆ ಒಂದು ಗುಳ್ಳೆ ಎದ್ದಿತು. ಈಗ ಎಂಟಾಣೆ ನಾಣ್ಯದಷ್ಟು ಅಗಲದ ಹುಣ್ಣಾಗಿದೆ. ಮೇಲೆ ಹಕ್ಕಳೆ, ಸುತ್ತ ದಪ್ಪ ಅಂಚು. ನೋವು ಅಂತೂ ಇಲ್ಲವೇ ಇಲ್ಲ. ಕ್ಯಾಂಪಿನ ಕ್ಲಿನಿಕ್‌ನಲ್ಲಿ ಮೂರು ಸಲ ಆ್ಯಂಟಿಬಯೋಟಿಕ್ ಕೊಟ್ಟರು, ಏನೂ ಬದಲಾಗಲಿಲ್ಲ. ಈಗ ಹದಿನೈದು ದಿನದಿಂದ ಮೊಣಕೈವರೆಗೆ ಒಂದರ ಮೇಲೊಂದು ನಾಲ್ಕು ಗಂಟು ಎದ್ದಿವೆ, ಸಾಲಾಗಿ. ರೂಮಿನವರು ಕ್ಯಾನ್ಸರ್ ಇರಬಹುದು ಅಂತ ಹೆದರಿಸುತ್ತಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಡಾಕ್ಟರ್: ನಿದ್ದೆ ಕೆಡಿಸಿಕೊಳ್ಳಬೇಡಿ. ನೀವು ಬರೆದದ್ದು ಓದಿದರೆ ನನಗೆ ಮೊದಲು ನೆನಪಾಗುವುದು ಲೀಶ್ಮೇನಿಯಾಸಿಸ್ ಅನ್ನುವ ಕಾಯಿಲೆ. ಅಲ್ ಅಹ್ಸಾದಲ್ಲಿ ಅದು ಹೊಸದಲ್ಲ. ಅರಬ್ಬರು ಅದನ್ನು ‘ಉಖ್ತ್’ ಅಂತಾರೆ, ಅಂದರೆ ಅಕ್ಕ ಅಥವಾ ತಂಗಿ. ಸಿರಿಯಾದ ಅಲೆಪ್ಪೋ ಕಡೆ ‘ಒಂದು ವರ್ಷದ ಹುಣ್ಣು’ ಅಂತ ಹೆಸರು. ಹೆಚ್ಚುಕಮ್ಮಿ ಒಂದು ವರ್ಷ ಜೊತೆಗಿದ್ದು, ಕಲೆ ಬಿಟ್ಟು ಹೋಗುತ್ತದೆ ಅನ್ನುವ ಅರ್ಥದಲ್ಲಿ.

ಇದನ್ನು ತರುವುದು ಮರಳು ನೊಣ. ಹೆಸರು ನೊಣ ಅಂತಿದ್ದರೂ ಸೊಳ್ಳೆಯ ಮೂರನೇ ಒಂದು ಪಾಲಿನಷ್ಟೇ ಇರುತ್ತದೆ, ಎರಡು ಮೂರು ಮಿಲಿಮೀಟರ್. ಮೈಮೇಲೆ ಸಣ್ಣ ಕೂದಲು. ಕೂತಾಗ ರೆಕ್ಕೆ ಮೇಲಕ್ಕೆತ್ತಿ ಅಗಲಿಸಿಕೊಂಡಿರುತ್ತದೆ. ಸದ್ದೇ ಇಲ್ಲ. ಸೊಳ್ಳೆಯಾದರೆ ಕಿವಿ ಹತ್ತಿರ ಗುಂಯ್ ಅಂದು ಎಚ್ಚರಿಸುತ್ತದೆ, ಇದು ಕಚ್ಚಿ ಹೋದದ್ದೂ ಗೊತ್ತಾಗುವುದಿಲ್ಲ. ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಇದರ ಓಡಾಟ. ನಿಮ್ಮ ಕಡೆ ಮರಳುಗಾಡಿನಲ್ಲಿ ಬಿಲ ತೋಡಿಕೊಂಡು ಬದುಕುವ ಒಂದು ಜಾತಿ ದಪ್ಪ ಇಲಿ ಇದೆ. ಈ ಕಾಯಿಲೆ ತರುವ, ಬರಿಗಣ್ಣಿಗೆ ಕಾಣದ ಲೀಶ್ಮೇನಿಯಾ ಅನ್ನುವ ಪರೋಪಜೀವಿ ಇರುವುದು ಅದರ ಮೈಯಲ್ಲಿ. ನೊಣ ವಾಸ ಮಾಡುವುದೂ ಅದೇ ಬಿಲದ ತಂಪಿನಲ್ಲಿ. ಇಲಿಯನ್ನು ಕಚ್ಚಿ, ಆಮೇಲೆ ತೋಟದಲ್ಲಿ ಕೆಲಸ ಮಾಡುವವರನ್ನೂ ಕಚ್ಚುತ್ತದೆ. ಬೇಸಿಗೆಯಲ್ಲಿ ಕಚ್ಚಿದ್ದು ಚಳಿಗಾಲದ ಹೊತ್ತಿಗೆ ಹುಣ್ಣಾಗಿ ಕಾಣುವುದು ಅಲ್ಲಿ ಮಾಮೂಲು. ನಡುವೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದಿರುತ್ತವೆ. ಅದಕ್ಕೇ ಯಾರಿಗೂ ಕಚ್ಚಿದ್ದು ನೆನಪಿರುವುದಿಲ್ಲ.

ಇನ್ನು ಆ ಸಾಲು ಗಂಟು. ಪರೋಪಜೀವಿ ಹುಣ್ಣಿನಿಂದ ಹೊರಟು ಚರ್ಮದ ಕೆಳಗಿನ ದುಗ್ಧನಾಳದ (ಲಿಂಫ್ ಹರಿಯುವ ಸಣ್ಣ ಕೊಳವೆ) ಗುಂಟ ಮೇಲಕ್ಕೆ ಹೋಗುವಾಗ ಅಲ್ಲಲ್ಲಿ ಗಂಟು ಕಟ್ಟುತ್ತದೆ. ಕೈಯಾದರೆ ಕಂಕುಳ ಕಡೆಗೆ, ಕಾಲಾದರೆ ತೊಡೆಸಂದಿಯ ಕಡೆಗೆ. ಮುಟ್ಟಿದರೆ ದಾರಕ್ಕೆ ಪೋಣಿಸಿದ ಮಣಿ ಹಾಗೆ ಸಿಗುತ್ತದೆ. ಇದು ಕಾಯಿಲೆ ಮೈಯೆಲ್ಲಾ ಹರಡಿತು ಅನ್ನುವುದರ ಗುರುತಲ್ಲ, ಕ್ಯಾನ್ಸರಿನ ಗುರುತೂ ಅಲ್ಲ. ಆದರೆ ಇದೇ ತರಹ ಸಾಲು ಗಂಟು ಬೇರೆ ಕಾರಣಕ್ಕೂ ಬರುತ್ತದೆ. ಮುಳ್ಳು ಚುಚ್ಚಿದಾಗ ಒಳಗೆ ಹೋಗುವ ಒಂದು ಫಂಗಸ್ ಇದೆ, ಮೀನಿನ ತೊಟ್ಟಿಯ ನೀರಿನಿಂದ ಬರುವ ಒಂದು ಬ್ಯಾಕ್ಟೀರಿಯಾ ಇದೆ. ನೀವು ಖರ್ಜೂರದ ತೋಟದಲ್ಲಿರುವವರು, ಮುಳ್ಳು ಚುಚ್ಚುವುದು ದಿನಾ ಇದ್ದದ್ದೇ ಅಲ್ವಾ? ಅದಕ್ಕೇ ಪರೀಕ್ಷೆ ಮಾಡಿಸದೆ ಮಾತ್ರೆ ಬೇಡ.

ಮಾಡಬೇಕಾದ್ದು ಇಷ್ಟು. ಕ್ಯಾಂಪ್ ಕ್ಲಿನಿಕ್ ಬಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ. ಹುಣ್ಣಿನ ಅಂಚಿನಿಂದ ಸ್ವಲ್ಪ ಕೆರೆದು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬೇಕಾದರೆ ಬಯಾಪ್ಸಿ (ಚರ್ಮದ ಸಣ್ಣ ಚೂರು ತೆಗೆದು ನೋಡುವುದು), ಪಿಸಿಆರ್ (ಪರೋಪಜೀವಿಯ ಡಿಎನ್ಎ ಹುಡುಕುವ ಪರೀಕ್ಷೆ). ಗಂಟುಗಳನ್ನು ಕೀವಿನ ಕುರು ಅಂತ ತಿಳಿದು ಕೊಯ್ಯಲು ಬಂದರೆ ಬೇಡ ಅನ್ನಿ. ಹುಣ್ಣನ್ನು ಸುಡುವುದು, ಬ್ಯಾಟರಿ ನೀರು ಹಾಕುವುದು, ತುತ್ತ ಹಚ್ಚುವುದು ಯಾವುದೂ ಬೇಡ. ಇದನ್ನು ಸುಮ್ನೆ ಹೇಳುತ್ತಿಲ್ಲ. ಒಬ್ಬ ಹುಡುಗನ ಕೆನ್ನೆಯಲ್ಲಿ ಬಟಾಣಿಯಷ್ಟಿದ್ದ ಹುಣ್ಣು ಆ್ಯಸಿಡ್ ಹಚ್ಚಿದ ಮೇಲೆ ಅಂಗೈ ಅಗಲದ ಕಲೆಯಾಗಿ ಉಳಿದದ್ದನ್ನು ನಾನು ನೋಡಿದ್ದೇನೆ.

ದಮ್ಮಾಮ್‌ನ ಒಬ್ಬ ನರ್ಸ್: ಮೇಡಂ, ಒಂದು ಮಾತು ಸೇರಿಸಲಾ? ನಮ್ಮಲ್ಲಿಗೆ ಬರುವ ಎಷ್ಟೋ ಕೆಲಸಗಾರರು ತೋಳು ಮುಚ್ಚಿಕೊಂಡೇ ಬರುತ್ತಾರೆ. ಅಂಟುರೋಗ ಅಂದುಕೊಂಡು ಕಂಪನಿಯವರು ಊರಿಗೆ ಕಳಿಸಿಬಿಡುತ್ತಾರೆ ಅನ್ನುವ ಭಯ. ದಯವಿಟ್ಟು ಮುಚ್ಚಿಡಬೇಡಿ ಅಂತ ನೀವೂ ಹೇಳಿ.

ಡಾಕ್ಟರ್: ತುಂಬಾ ಸರಿ ಹೇಳಿದಿರಿ ಸಿಸ್ಟರ್. ಇದು ಮನುಷ್ಯರಿಂದ ಮನುಷ್ಯರಿಗೆ ಮುಟ್ಟಿದರೆ ಬರುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಟವೆಲ್ ಬಳಸಿದರೆ, ಒಂದೇ ರೂಮಿನಲ್ಲಿ ಮಲಗಿದರೆ ಬರುವುದಿಲ್ಲ. ನಡುವೆ ನೊಣ ಬೇಕೇ ಬೇಕು. ಇದನ್ನು ಆ ರೂಮಿನವರಿಗೂ ಓದಿ ಹೇಳಿ.

ಪ್ರಶ್ನೆ (ಅಲ್ ಅಹ್ಸಾದವರೇ ಮತ್ತೆ): ಓದಿ ಹೇಳಿದೆ ಡಾಕ್ಟ್ರೇ, ಎಲ್ಲರಿಗೂ ಸಮಾಧಾನ ಆಯ್ತು. ನಾಡಿದ್ದು ಚರ್ಮದ ಡಾಕ್ಟರ ಹತ್ತಿರ ಹೋಗುತ್ತೇನೆ. ಅದೇ ಕಾಯಿಲೆ ಅಂತಾದರೆ ಊರಿಗೆ ಬಂದು ಔಷಧಿ ಮಾಡಿಸುವುದು ಒಳ್ಳೆಯದಾ? ಇಂಜೆಕ್ಷನ್ ಹುಣ್ಣಿಗೇ ಚುಚ್ಚುತ್ತಾರಂತೆ, ಹೌದಾ?

ಡಾಕ್ಟರ್: ಅಲ್ಲೇ ಮಾಡಿಸಿ. ಅಲ್ಲಿನ ಚರ್ಮದ ಡಾಕ್ಟರುಗಳಿಗೆ ಈ ಕಾಯಿಲೆ ಪಕ್ಕದ ಮನೆಯವರಷ್ಟು ಪರಿಚಯ. ನಮ್ಮೂರಿನಲ್ಲಿ ಒಬ್ಬ ಡಾಕ್ಟರು ಇಡೀ ಜೀವಮಾನದಲ್ಲಿ ಐದಾರು ನೋಡಿದರೆ ಹೆಚ್ಚು.

ಇಂಜೆಕ್ಷನ್ ಹೌದು. ಆ್ಯಂಟಿಮನಿ ಅನ್ನುವ ಲೋಹದಿಂದ ಮಾಡಿದ ಔಷಧಿ. ಹುಣ್ಣಿನ ಅಂಚಿನ ಸುತ್ತ, ಅಲ್ಲಿನ ಚರ್ಮ ಬಿಳಿಚಿಕೊಳ್ಳುವವರೆಗೆ ಕೊಡುತ್ತಾರೆ. ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ವಾರಕ್ಕೊಮ್ಮೆಯೋ ಎರಡು ಸಲವೋ, ಹಲವು ವಾರ. ಹುಣ್ಣು ತುಂಬಾ ಇದ್ದರೆ, ಮುಖದ ಮೇಲಿದ್ದರೆ, ಸಾಲು ಗಂಟು ಜಾಸ್ತಿ ಇದ್ದರೆ ಅದೇ ಔಷಧಿಯನ್ನು ದಿನಾ ಸೊಂಟಕ್ಕೆ ಅಥವಾ ರಕ್ತನಾಳಕ್ಕೆ ಕೊಡುವುದೂ ಉಂಟು. ಆಗ ಇಸಿಜಿ ಮಾಡುತ್ತಾ ಇರಬೇಕು, ಹೃದಯದ ಬಡಿತದ ಮೇಲೆ ಅದು ಪರಿಣಾಮ ಮಾಡುತ್ತದೆ. ಫ್ಲುಕೊನಜೋಲ್ ಅನ್ನುವ ಫಂಗಸ್ ಮಾತ್ರೆಯನ್ನು ದಿನಕ್ಕೆ 200 ಮಿಲಿಗ್ರಾಂನಂತೆ 6 ವಾರ ಕೊಟ್ಟರೆ ಹುಣ್ಣು ಬೇಗ ಮಾಯುತ್ತದೆ ಅಂತ ಸೌದಿಯಲ್ಲೇ ನಡೆದ ಒಂದು ಪ್ರಯೋಗ 2002ರಲ್ಲಿ ಪ್ರಕಟವಾಗಿತ್ತು. ಅದು ನಿಮ್ಮ ಭಾಗದಲ್ಲಿ ಜಾಸ್ತಿ ಇರುವ ‘ಮೇಜರ್’ ಅನ್ನುವ ಜಾತಿಯ ಪರೋಪಜೀವಿಗೆ. ಹಾಗಂತ ನೀವೇ ಕೊಂಡು ನುಂಗಬೇಡಿ, ಲಿವರ್ ಪರೀಕ್ಷೆ ಆಗಬೇಕು.

ಕೆಲವರಿಗೆ ಏನೂ ಕೊಡದೆ ಕಾದು ನೋಡೋಣ ಅಂತಲೂ ಹೇಳುತ್ತಾರೆ. ಅದು ಕಡೆಗಣಿಸಿದ್ದಲ್ಲ. ಈ ಜಾತಿಯ ಹುಣ್ಣು ಎಷ್ಟೋ ಮಂದಿಗೆ ಕೆಲವು ತಿಂಗಳಲ್ಲಿ ತಾನಾಗಿಯೇ ಮಾಯುತ್ತದೆ.

ಪ್ರಶ್ನೆ (ಬೈಂದೂರು): ಮೇಡಂ, ಇದನ್ನು ಓದಿ ನನಗೆ ಗಾಬರಿಯಾಗಿದೆ. ನಮ್ಮ ಮನೆಯವರು ರಿಯಾದ್‌ನಲ್ಲಿ ಡ್ರೈವರ್. ರಜೆಗೆ ಬಂದು 40 ದಿನ ಆಯಿತು. ಬರುವಾಗಲೇ ಬಲಗೈ ಉಂಗುರದ ಬೆರಳಿಗೆ ಉಗುರುಸುತ್ತು ಆಗಿತ್ತು. ಅತ್ತೆ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿದರು, ಅರಿಶಿನ ಹಚ್ಚಿದೆವು. ಕಡಿಮೆಯಾಗಲಿಲ್ಲ. ಒಂದು ಆಸ್ಪತ್ರೆಯಲ್ಲಿ ಸ್ವಲ್ಪ ಕೊಯ್ದರು, ಕೀವೇ ಬರಲಿಲ್ಲ, ರಕ್ತ ಅಷ್ಟೇ. ಈಗ ಉಗುರಿನ ಬುಡ ಕೆಂಪು ನೇರಳೆ ಬಣ್ಣಕ್ಕೆ ತಿರುಗಿ ದಪ್ಪ ಆಗಿದೆ. ಅವರಿಗೆ ಶುಗರ್ ಇಲ್ಲ.

ಡಾಕ್ಟರ್: ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಅವರು ಆ ಬೆರಳಿನ ನೋವಿಗೆ ಯಾವತ್ತಾದರೂ ರಾತ್ರಿ ಎದ್ದು ಕೂತಿದ್ದರಾ?

ಬೈಂದೂರಿನವರು: ಇಲ್ಲ ಮೇಡಂ. ಅದೇ ಕೈಯಲ್ಲಿ ಬೈಕ್ ಓಡಿಸುತ್ತಾರೆ, ತೆಂಗಿನಕಾಯಿ ಸುಲಿಯುತ್ತಾರೆ.

ಡಾಕ್ಟರ್: ನಿಜವಾದ ಉಗುರುಸುತ್ತು ಆದವರನ್ನು ನಾವೆಲ್ಲ ನೋಡಿದ್ದೇವೆ. ಕೈ ಎತ್ತಿ ಹಿಡಿದುಕೊಂಡೇ ಓಡಾಡುತ್ತಾರೆ. ಬೆರಳು ಟಕ್ ಟಕ್ ಅಂತ ಮಿಡಿಯುತ್ತದೆ, ಹಾಸಿಗೆ ತಾಗಿದರೂ ಜೀವ ಹೋಗುತ್ತದೆ. ಎರಡು ಮೂರು ದಿನದಲ್ಲಿ ಕೀವು ತುಂಬುತ್ತದೆ, ಕೊಯ್ದರೆ ಆರಾಮ. 40 ದಿನವಾದರೂ ನೋವಿಲ್ಲ, ಕೊಯ್ದರೆ ಕೀವಿಲ್ಲ, ತೆಂಗಿನಕಾಯಿ ಸುಲಿಯಲು ಬರುತ್ತದೆ ಅಂದರೆ ಅದು ಬೇರೆ ಏನೋ. ಉಗುರಿನ ಬುಡದಲ್ಲೇ ನೊಣ ಕಚ್ಚಿ ಅಲ್ಲೇ ಲೀಶ್ಮೇನಿಯಾ ಊದಿಕೊಳ್ಳುವುದು ಅಪರೂಪ, ಆದರೆ ಆಗುತ್ತದೆ. ಟಿಬಿ, ಫಂಗಸ್, ಅಪರೂಪಕ್ಕೆ ಚರ್ಮದ ಕ್ಯಾನ್ಸರ್ ಕೂಡ ಹೀಗೇ ಕಾಣುತ್ತದೆ. ಹಾಗಾಗಿ ಇದೇ ಅಂತ ನಾನು ಹೇಳುತ್ತಿಲ್ಲ. ಒಂದು ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಲೇಬೇಕು.

ಚೀಟಿಯ ಮೇಲೆ ‘ರಿಯಾದ್‌ನಿಂದ ಬಂದವರು, ಲೀಶ್ಮೇನಿಯಾಕ್ಕೂ ನೋಡಿ’ ಅಂತ ಡಾಕ್ಟರ ಕೈಯಲ್ಲಿ ಬರೆಸಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಲ್ಯಾಬಿನವರಿಗೆ ಗೊತ್ತಿದ್ದರೆ ಅದಕ್ಕೆ ಬೇಕಾದ ಬಣ್ಣ ಹಾಕಿ ಹುಡುಕುತ್ತಾರೆ. ಗೊತ್ತಿಲ್ಲದಿದ್ದರೆ ‘ಹಳೆಯ ಉರಿಯೂತ’ ಅಂತ ಬರೆದು ಕಳಿಸುತ್ತಾರೆ, ತಪ್ಪು ಅವರದಲ್ಲ. ವಾಪಸ್ ಹೋಗುವ ಟಿಕೆಟ್ ಆಗಿದ್ದರೆ ಅದಕ್ಕೆ ಮೊದಲೇ ಮಾಡಿಸಿ. ಅತ್ತೆಯವರಿಗೆ ಬೇಜಾರು ಮಾಡಬೇಡಿ, ನಿಂಬೆಹಣ್ಣಿನಿಂದ ಏನೂ ಹಾಳಾಗಿಲ್ಲ.

ಪ್ರಶ್ನೆ (ಚರ್ಮರೋಗ ಓದುತ್ತಿರುವ ಪಿಜಿ ವಿದ್ಯಾರ್ಥಿ, ಹುಬ್ಬಳ್ಳಿ): ಮೇಡಂ, ಪುಸ್ತಕದಲ್ಲಿ ಜ್ವಾಲಾಮುಖಿಯ ಬಾಯಿಯಂಥ ಹುಣ್ಣಿನ ಚಿತ್ರ ಒಂದೇ ಇದೆ. ಹಾಗೆ ಕಾಣದ ಕೇಸನ್ನು ನಾವು ಹೇಗೆ ಗುರುತಿಸುವುದು? ನೀವು ತಪ್ಪಿದ್ದು ಉಂಟಾ?

ಡಾಕ್ಟರ್: ಉಂಟು. ಅದನ್ನು ಬರೆಯುತ್ತೇನೆ, ನಿಮಗೆ ಉಪಯೋಗಕ್ಕೆ ಬರಲಿ.

ನಾನು ಮಂಗಳೂರಿಗೆ ವಾಪಸ್ ಬಂದ ಎರಡನೇ ವರ್ಷ. ಐವತ್ತೈದು ದಾಟಿದ ಒಬ್ಬ ಅಮ್ಮ ಬಂದರು. ಮೂಗು, ಎರಡೂ ಕೆನ್ನೆ ಕೆಂಪಾಗಿ ಊದಿತ್ತು. ಹುಣ್ಣಿಲ್ಲ, ಹಕ್ಕಳೆ ಇಲ್ಲ. ಮುಟ್ಟಿದರೆ ಸ್ವಲ್ಪ ಬೆಚ್ಚಗೆ, ಒತ್ತಿದರೆ ಗಟ್ಟಿ. ಜ್ವರ ಇಲ್ಲ. ಬೇರೆ ಕಡೆ ಕೆಂಪು ಬಾವು ಅಂತ ಪೆನ್ಸಿಲಿನ್ ಆಗಿತ್ತು. ನಾನು ಮೊದಲು ಬಿಸಿಲಿನ ಅಲರ್ಜಿ ಅಂದುಕೊಂಡೆ, ಆಮೇಲೆ ಲೂಪಸ್ (ಮೈಯ ರೋಗನಿರೋಧಕ ಶಕ್ತಿ ಮೈಮೇಲೇ ತಿರುಗಿಬೀಳುವ ಕಾಯಿಲೆ) ಇರಬಹುದು ಅಂತ ರಕ್ತ ಪರೀಕ್ಷೆ ಬರೆದೆ, ಸ್ಟೀರಾಯ್ಡ್ ಕ್ರೀಮ್ ಕೊಟ್ಟೆ. ಹದಿನೈದು ದಿನಕ್ಕೆ ಕೆಂಪು ಇಳಿದ ಹಾಗೆ ಕಂಡಿತು. ಒಂದು ತಿಂಗಳಿಗೆ ಮೊದಲಿಗಿಂತ ದಪ್ಪವಾಗಿ ವಾಪಸ್ ಬಂತು. ಮೂಗಿನ ತುದಿ ಚಿಕ್ಕು ಹಣ್ಣಿನ ಹಾಗೆ ಆಗಿತ್ತು.

ಮೂರನೇ ಸಲ ಬಂದಾಗ ಅವರು ಸೀರೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದರು. ಬಯಾಪ್ಸಿಗೆ ಬರೆಯುತ್ತಾ ಸುಮ್ನೆ ಮಾತಿಗೆ ಅಂತ ಮೊಮ್ಮಕ್ಕಳ ಬಗ್ಗೆ ಕೇಳಿದೆ. ‘ಮಗಳ ಬಾಣಂತನಕ್ಕೆ ಹೋಗಿದ್ದೆನಲ್ಲ, ಐದು ತಿಂಗಳು ಅಲ್ಲೇ ಇದ್ದೆ’ ಅಂದರು. ಎಲ್ಲಿ ಅಂದರೆ ಸೌದಿಯ ಕಸೀಂ. ಸಂಜೆ ಹೊತ್ತು ಅಂಗಳದಲ್ಲಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂರುತ್ತಿದ್ದರಂತೆ, ಮಗುವಿಗೆ ಸೊಳ್ಳೆ ಪರದೆ ಹೊದಿಸಿ. ಅವರ ಮುಖಕ್ಕೆ ಏನೂ ಇರಲಿಲ್ಲ.

ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಸೌದಿಯಲ್ಲೇ ಏಳು ವರ್ಷ ಕೆಲಸ ಮಾಡಿದವಳು ನಾನು. ಗಲ್ಫ್ ಅಂದರೆ ದುಡಿಯಲು ಹೋದ ಗಂಡಸರು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಸೀರೆ ಉಟ್ಟು ಬಂದ ಅಜ್ಜಿಗೆ ಆ ಪ್ರಶ್ನೆ ಕೇಳಬೇಕು ಅಂತ ಹೊಳೆಯಲೇ ಇಲ್ಲ. ಬಯಾಪ್ಸಿಯಲ್ಲಿ ಎಲ್‌ಡಿ ಬಾಡಿ, ಅಂದರೆ ಜೀವಕೋಶದೊಳಗೆ ಕಾಣುವ ಈ ಪರೋಪಜೀವಿ, ಸಿಕ್ಕಿತು. ಒಂದೊಂದು ದೊಡ್ಡ ಜೀವಕೋಶದ ಹೊಟ್ಟೆಯಲ್ಲಿ ರಾಗಿ ಕಾಳು ತುಂಬಿದ ಹಾಗೆ. ಹತ್ತಿರದಿಂದ ನೋಡಿದರೆ ಪ್ರತಿ ಕಾಳಿನೊಳಗೂ ಒಂದು ದುಂಡು ಚುಕ್ಕಿ, ಪಕ್ಕದಲ್ಲಿ ಒಂದು ಪುಟ್ಟ ಕಡ್ಡಿ. ಔಷಧಿ ಮುಗಿಯುವಾಗ ಮುಖ ಮೊದಲಿನಂತಾಯಿತು, ಮೂಗಿನ ಮೇಲೆ ಸ್ವಲ್ಪ ಕಲೆ ಉಳಿಯಿತು. ಅವರ ನಾಲ್ಕು ತಿಂಗಳು ನನ್ನಿಂದ ಹಾಳಾಯಿತು ಅನ್ನುವುದು ಇವತ್ತಿಗೂ ಮನಸ್ಸಿನಲ್ಲಿದೆ.

ಮುಖವೆಲ್ಲ ಕೆಂಪಾಗಿ ಊದುವ ಈ ಬಗೆ ನಡುವಯಸ್ಸು ದಾಟಿದ ಹೆಂಗಸರಲ್ಲಿ ಜಾಸ್ತಿ. ಇರಾನ್, ಪಾಕಿಸ್ತಾನ, ಟ್ಯುನೀಶಿಯಾದಿಂದ ಇಂಥ ಕೇಸುಗಳು ವರದಿಯಾಗಿವೆ.

ನಮ್ಮ ಜನ ಕಾಯಿಲೆಗೆ ಇಟ್ಟ ಹೆಸರುಗಳನ್ನೇ ನೆನಪಿಟ್ಟುಕೊಳ್ಳಿ, ಇದು ಒಂದೊಂದರ ವೇಷ ಹಾಕಿಕೊಂಡೂ ಬರುತ್ತದೆ. ಉಗುರುಸುತ್ತಿನ ವೇಷ ಮೇಲೆ ಬಂತು. ಎದೆಯ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ ಗುಳ್ಳೆ ಎದ್ದರೆ ಸರ್ಪಸುತ್ತು ಅಂತಾರೆ. ಆದರೆ ಸರ್ಪಸುತ್ತು ಉರಿಯುತ್ತಾ ಬರುತ್ತದೆ, ಎರಡು ಮೂರು ವಾರದಲ್ಲಿ ಒಣಗುತ್ತದೆ. ತಿಂಗಳುಗಟ್ಟಲೆ ಉರಿಯಿಲ್ಲದೆ ಕೂತ ಸರ್ಪಸುತ್ತನ್ನು ನಂಬಬೇಡಿ. ಉಂಗುರದ ಹಾಗೆ ಹರಡಿದರೆ ಗಜಕರ್ಣ ಅಂತ ಮೆಡಿಕಲ್ ಶಾಪಿನ ಮಿಕ್ಸ್ ಕ್ರೀಮ್ ಹಚ್ಚಿರುತ್ತಾರೆ. ಅದರೊಳಗಿನ ಸ್ಟೀರಾಯ್ಡ್ ಪರೋಪಜೀವಿಗೆ ಹಬ್ಬದೂಟ. ನರೂಲಿಯ ಹಾಗೆ ಒರಟಾಗಿ ಬೆಳೆಯುವುದುಂಟು, ಸೋರಿಯಾಸಿಸ್ ಹಾಗೆ ಹೊಟ್ಟು ಏಳುವುದುಂಟು. ಅಂಗಾಲಿನಲ್ಲಿ ಬಂದರೆ ಆಣಿ ಅನ್ನುತ್ತಾರೆ. ಕೆಳತುಟಿ ಮಾತ್ರ ಊದಿ ದಪ್ಪವಾಗುವುದೂ ಉಂಟು. ಇನ್ನೊಂದು ಬಗೆ ಇದೆ. ಹುಣ್ಣು ಮಾಯ್ದು ಕಲೆಯಾಗಿ, ವರ್ಷಗಳ ಮೇಲೆ ಆ ಕಲೆಯ ಅಂಚಿನಲ್ಲೇ ಮತ್ತೆ ಕೆಂಪು ಗುಳ್ಳೆ ಏಳುತ್ತದೆ. ಅದು ಚರ್ಮದ ಟಿಬಿಯಂತೆಯೇ ಕಾಣುತ್ತದೆ. ಅಲ್ಲಿ ಪರೋಪಜೀವಿ ತೀರಾ ಕಮ್ಮಿ, ಗಾಜಿನ ಮೇಲೆ ಹಚ್ಚಿ ನೋಡುವ ಸ್ಮಿಯರ್‌ನಲ್ಲಿ ಸಿಗದಿದ್ದರೆ ಪಿಸಿಆರ್ ಮಾಡಿಸಿ. ಸಾಮಾನ್ಯ ಹುಣ್ಣಾದರೆ ಹಕ್ಕಳೆ ಎತ್ತಿ, ಅಂಚಿನಿಂದ ತೆಗೆಯಿರಿ. ನಡುವಿನಿಂದ ತೆಗೆದರೆ ಸತ್ತ ಜೀವಕೋಶ ಬಿಟ್ಟು ಏನೂ ಸಿಗುವುದಿಲ್ಲ.

ಹಾಂ, ಎಲ್‌ಡಿ ಅನ್ನುವ ಎರಡಕ್ಷರದಲ್ಲಿ ‘ಡಿ’ ಅಂದರೆ ಡೊನೊವನ್. 1903ರಲ್ಲಿ ಮದರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಇದನ್ನು ನೋಡಿದವರು. ಅದೇ ವರ್ಷ ಲೀಶ್ಮನ್ ಕೂಡ ಬರೆದಿದ್ದರು. ಅವರು ನೋಡಿದ್ದು ಕಲ್ಕತ್ತಾ ಹತ್ತಿರದ ಡಂಡಂನಲ್ಲಿ ಇದ್ದು ಬಂದ ಸೈನಿಕನ ಮೈಯಿಂದ ತೆಗೆದ ಸ್ಲೈಡ್. ಇಷ್ಟೆಲ್ಲ ನಮ್ಮ ನೆಲದ್ದೇ, ಆದರೂ ನಾವು ಇದನ್ನು ಹೊರಗಿನ ಕಾಯಿಲೆ ಅಂದುಕೊಳ್ಳುತ್ತೇವೆ.

ಪ್ರಶ್ನೆ (ದಾವಣಗೆರೆ): ಸೌದಿಗೆ ಹೋಗದೆ ಇದ್ದರೆ ಬರುವುದಿಲ್ಲವಾ ಮೇಡಂ? ನನ್ನ ತಮ್ಮ ಹಿಮಾಚಲದ ಕಿನ್ನೌರ್ ಕಡೆ ವಿದ್ಯುತ್ ಯೋಜನೆಯಲ್ಲಿ ಎರಡು ವರ್ಷ ಇದ್ದ. ಮೂಗಿನ ಪಕ್ಕ ಕೆಂಪು ಗಂಟು ಒಂದು ವರ್ಷದಿಂದ ಇದೆ. ಪಾಸ್‌ಪೋರ್ಟೇ ಇಲ್ಲ ಅವನಿಗೆ.

ಡಾಕ್ಟರ್: ಒಳ್ಳೆಯ ಪ್ರಶ್ನೆ. ಪಾಸ್‌ಪೋರ್ಟ್ ಬೇಕಿಲ್ಲ. ರಾಜಸ್ಥಾನದ ಬಿಕಾನೇರ್ ಮೊದಲಿನಿಂದಲೂ ಇದಕ್ಕೆ ಹೆಸರಾದ ಊರು. ಹಿಮಾಚಲದಲ್ಲಿ ಸಟ್ಲೆಜ್ ಕಣಿವೆಯ ಉದ್ದಕ್ಕೂ, ಕಿನ್ನೌರ್ ಸೇರಿ, ಚರ್ಮದ ಲೀಶ್ಮೇನಿಯಾಸಿಸ್ ಇದೆ. ಕೇರಳದ ಅಗಸ್ತ್ಯಮಲೆ ಕಾಡಿನಲ್ಲಿ ಕಾಣಿ ಜನರಲ್ಲಿ ಕಂಡಿದೆ. ಪಕ್ಕದ ಶ್ರೀಲಂಕಾದಲ್ಲಿ ಬೇಕಾದಷ್ಟಿದೆ.

ಇದರಲ್ಲಿ ಒಂದು ವಿಚಿತ್ರ ನೋಡಿ. ಬಿಹಾರದಲ್ಲಿ ಗುಲ್ಮ ಊದಿಸಿ, ಜ್ವರ ತಂದು, ಚಿಕಿತ್ಸೆ ಸಿಗದಿದ್ದರೆ ಜೀವ ತೆಗೆಯುವ ಕಾಲಾ ಅಜಾರ್ ಇದೆಯಲ್ಲ, ಅದನ್ನು ತರುವುದು ‘ಡೊನೊವನಿ’ ಅನ್ನುವ ಜಾತಿ. ಹಿಮಾಚಲ, ಕೇರಳ, ಶ್ರೀಲಂಕಾದಲ್ಲಿ ಅದೇ ಡೊನೊವನಿ ಹೆಚ್ಚಿನವರಲ್ಲಿ ಚರ್ಮದಲ್ಲೇ ನಿಂತುಬಿಡುತ್ತದೆ. ಹುಣ್ಣೂ ಆಗದೆ ಗಂಟಾಗಿ ಕೂರುತ್ತದೆ.

ತಮ್ಮನನ್ನು ಚರ್ಮದ ಡಾಕ್ಟರಿಗೆ ತೋರಿಸಿ. ಕಿನ್ನೌರ್‌ನಲ್ಲಿದ್ದೆ ಅಂತ ಅವನೇ ಬಾಯಿಬಿಟ್ಟು ಹೇಳಲಿ, ಯಾರೂ ಕೇಳದಿದ್ದರೂ. ಜ್ವರ, ತೂಕ ಇಳಿಯುವುದು ಇದ್ದರೆ ಅದನ್ನೂ ಹೇಳಲಿ, ಹೊಟ್ಟೆ ಮುಟ್ಟಿ ನೋಡುತ್ತಾರೆ.

ಪ್ರಶ್ನೆ (ಉಳ್ಳಾಲ): ಮಕ್ಕಳನ್ನು ಬೀಚಿಗೆ ಕರೆದುಕೊಂಡು ಹೋಗಬಹುದಾ? ಮರಳು ನೊಣ ಅಂತೀರಲ್ಲ.

ಡಾಕ್ಟರ್: ಧಾರಾಳವಾಗಿ. ಮರಳು ಅನ್ನುವುದು ಅದರ ಮೈಬಣ್ಣಕ್ಕೆ ಬಂದ ಹೆಸರು. ಅದು ಇರುವುದು ಗೋಡೆಯ ಬಿರುಕು, ಇಲಿ ಬಿಲ, ಹಟ್ಟಿ, ಒದ್ದೆ ಮಣ್ಣಿನ ಮೂಲೆಗಳಲ್ಲಿ. ಕಡಲ ದಂಡೆಯಲ್ಲಿ ಸಂಜೆ ಕಚ್ಚುವ ನುಸಿ ಬೇರೆ.

ಪ್ರಶ್ನೆ (ಕಾರ್ಕಳ): ಬಂಗುಡೆ, ಬದನೆಕಾಯಿ ನಂಜು ಅಂತ ಬಿಡಿಸಿದ್ದಾರೆ. ಬಿಡಬೇಕಾ?

ಡಾಕ್ಟರ್: ಬೇಡ. ಊಟ ಚೆನ್ನಾಗಿ ಮಾಡಿ, ಮೀನೂ ತಿನ್ನಿ. ಗಾಯ ಮಾಯಲು ಪ್ರೋಟೀನ್ ಬೇಕು.

ಪ್ರಶ್ನೆ (ಬೆಂಗಳೂರು): ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಹುಡುಗ ಬಿಹಾರದವನು. ಬಾಯಿ ಸುತ್ತ, ಗಲ್ಲ, ಎದೆ ಮೇಲೆ ಮಾಸಲು ಬಿಳಿ ಮಚ್ಚೆಗಳಾಗಿವೆ. ತೊನ್ನು ಅಂತ ಕೆಲವರು, ಕುಷ್ಠ ಅಂತ ಕೆಲವರು. ಅವನನ್ನು ಬದಲಾಯಿಸಿ ಅಂತ ಕಮಿಟಿಯಲ್ಲಿ ಮಾತಾಗುತ್ತಿದೆ. ಕೇಳಿದರೆ, ಮೂರು ವರ್ಷದ ಹಿಂದೆ ಊರಿನಲ್ಲಿ ಕಾಲಾ ಅಜಾರ್ ಆಗಿತ್ತು, ಇಂಜೆಕ್ಷನ್ ತೆಗೆದುಕೊಂಡು ಗುಣವಾಗಿತ್ತು ಅಂದ. ಸಂಬಂಧ ಇರಬಹುದಾ?

ಡಾಕ್ಟರ್: ಕೇಳಿದಿರಲ್ಲ, ಅದಕ್ಕೆ ಕೈ ಮುಗಿಯುತ್ತೇನೆ. ಎಷ್ಟೋ ಡಾಕ್ಟರುಗಳೂ ಕೇಳುವುದಿಲ್ಲ.

ಸಂಬಂಧ ಇರುವ ಸಾಧ್ಯತೆ ತುಂಬಾ ಇದೆ. ಕಾಲಾ ಅಜಾರ್ ವಾಸಿಯಾದ ಮೇಲೆ ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದು ಪರೋಪಜೀವಿ ಚರ್ಮದಲ್ಲಿ ಮತ್ತೆ ತಲೆ ಎತ್ತುತ್ತದೆ. ಮೊದಲು ಮಾಸಲು ಮಚ್ಚೆ, ಹೆಚ್ಚಾಗಿ ಮುಖದಿಂದ ಶುರು. ಆಮೇಲೆ ಗುಳ್ಳೆ, ಗಂಟು. ಇದನ್ನು ಮೊದಲು ವಿವರಿಸಿದವರು ಕಲ್ಕತ್ತಾದ ಉಪೇಂದ್ರನಾಥ ಬ್ರಹ್ಮಚಾರಿ, 1922ರಲ್ಲಿ. ಕಾಲಾ ಅಜಾರ್‌ಗೆ ಯೂರಿಯಾ ಸ್ಟಿಬಮೈನ್ ಔಷಧಿ ಕಂಡುಹಿಡಿದು ಲೆಕ್ಕವಿಲ್ಲದಷ್ಟು ಜೀವ ಉಳಿಸಿದವರೂ ಅವರೇ.

ತೊನ್ನಾದರೆ ಮಚ್ಚೆ ಹಾಲಿನಷ್ಟು ಬಿಳಿ. ಇದು ಮಾಸಲು. ಕುಷ್ಠದ ಮಚ್ಚೆಯಲ್ಲಿ ಹೆಚ್ಚಾಗಿ ಸ್ಪರ್ಶ ಕಡಿಮೆ, ಹತ್ತಿಯ ಎಳೆ ತಾಗಿಸಿದರೆ ಗೊತ್ತಾಗುವುದಿಲ್ಲ. ಇದರಲ್ಲಿ ಗೊತ್ತಾಗುತ್ತದೆ. ಇದು ಡಾಕ್ಟರು ನೋಡಿ ಹೇಳಬೇಕಾದ್ದು, ಕಮಿಟಿಯಲ್ಲ. ಕುಷ್ಠವೇ ಆಗಿದ್ದರೂ ಕೆಲಸದಿಂದ ತೆಗೆಯಲು ಕಾರಣವಿಲ್ಲ, ಅದಕ್ಕೂ ಒಳ್ಳೆಯ ಔಷಧಿ ಇದೆ.

ಅವನನ್ನು ಸರ್ಕಾರಿ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗಕ್ಕೆ ನೀವೇ ಕರೆದುಕೊಂಡು ಹೋಗಿ, ಸಾಧ್ಯವಾದರೆ ಹಳೆಯ ಚಿಕಿತ್ಸೆಯ ಚೀಟಿ ಸಮೇತ. ಕಾಲಾ ಅಜಾರ್ ನಿರ್ಮೂಲನೆ ಸರ್ಕಾರದ ಕಾರ್ಯಕ್ರಮ, ಔಷಧಿ ಅದರಲ್ಲಿ ಉಚಿತ. ಸಾಮಾನ್ಯವಾಗಿ ಮಿಲ್ಟೆಫೊಸಿನ್ ಮಾತ್ರೆ 12 ವಾರ. ಕಣ್ಣು ಕೆಂಪಾದರೆ, ನೋವಾದರೆ, ಮಂಜಾದರೆ ಅದೇ ದಿನ ಮಾತ್ರೆ ನಿಲ್ಲಿಸಿ ತೋರಿಸಬೇಕು, ಇದನ್ನು ಅವನ ಭಾಷೆಯಲ್ಲಿ ಅವನಿಗೆ ತಿಳಿಸಿ. ಬಸುರಿಯರಿಗೆ ಈ ಮಾತ್ರೆ ಕೊಡುವ ಹಾಗಿಲ್ಲ. ಮಚ್ಚೆಯಿಂದ ಅವನಿಗೆ ನೋವಿಲ್ಲ, ತುರಿಕೆ ಇಲ್ಲ, ಹಾಗಾಗಿ ಅರ್ಧಕ್ಕೆ ಬಿಡುವವರೇ ಜಾಸ್ತಿ. ಆದರೆ ಆ ಮಚ್ಚೆಯಲ್ಲಿರುವ ಪರೋಪಜೀವಿಯನ್ನು ಊರಿಗೆ ಹೋದಾಗ ಅಲ್ಲಿನ ನೊಣ ಹೀರಿಕೊಂಡು ಬೇರೆಯವರಿಗೆ ಕಾಲಾ ಅಜಾರ್ ತರಬಲ್ಲದು. ಅವನ ಮನೆಯ ಮಕ್ಕಳಿಗೇ.

ಪ್ರಶ್ನೆ (ಜುಬೈಲ್): ಸೊಳ್ಳೆ ಪರದೆ ಕಟ್ಟಿಕೊಂಡರೆ ಸಾಕಾ ಮೇಡಂ?

ಡಾಕ್ಟರ್: ಮಾಮೂಲಿ ಪರದೆಯ ಕಣ್ಣಿನಿಂದ ಇದು ನುಸುಳುತ್ತದೆ. ಕೀಟನಾಶಕ ಹಾಕಿದ ಪರದೆ, ಇಲ್ಲವೇ ತುಂಬಾ ಸಣ್ಣ ಕಣ್ಣಿನದು ಬೇಕು. ಇದಕ್ಕೆ ಹಾರುವ ಶಕ್ತಿ ಕಡಿಮೆ, ಫ್ಯಾನ್ ಜೋರಾಗಿ ಹಾಕಿದರೆ ಹತ್ತಿರ ಬರಲಾಗುವುದಿಲ್ಲ. ಸಂಜೆ ಮೇಲೆ ಹೊರಗೆ ಇದ್ದರೆ ತುಂಬು ತೋಳು, ಕಾಲುಚೀಲ, ಸೊಳ್ಳೆ ಕ್ರೀಮ್. ಹೊರಗೆ ನೆಲದ ಮೇಲೆ ಚಾಪೆ ಹಾಕಿ ಮಲಗಬೇಡಿ.

ಅಲ್ ಅಹ್ಸಾದವರು: ಡಾಕ್ಟ್ರೇ, ರಿಪೋರ್ಟ್ ಬಂತು. ಲೀಶ್ಮೇನಿಯಾ ಪಾಸಿಟಿವ್. ಇವತ್ತು ಮೊದಲ ಇಂಜೆಕ್ಷನ್ ಆಯಿತು, ಹುಣ್ಣಿಗೆ ಮಾತ್ರ. ಕಣ್ಣಲ್ಲಿ ನೀರು ಬಂತು. ಗಂಟುಗಳಿಗೆ ಈಗ ಏನೂ ಬೇಡ, ನೋಡೋಣ ಅಂದರು. ಅಮ್ಮನಿಗೆ ಫೋನ್ ಮಾಡಿ ಕ್ಯಾನ್ಸರ್ ಅಲ್ಲ ಅಂತ ಹೇಳಿದೆ, ಆನೆಗುಡ್ಡೆ ಗಣಪತಿಗೆ ಹರಕೆ ಹೇಳಿಕೊಂಡಿದ್ದರಂತೆ.

ಡಾಕ್ಟರ್: ತುಂಬಾ ಸಂತೋಷ ಆಯಿತು. ಈಗ ಒಂದು ಕೆಲಸ ಮಾಡಿ. ಪ್ರತಿ ಶುಕ್ರವಾರ ಹುಣ್ಣಿನ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ, ಒಂದೇ ಬೆಳಕಿನಲ್ಲಿ. ನಾಲ್ಕು ಗಂಟುಗಳನ್ನೂ ಅಳೆದು ತಾರೀಕು ಹಾಕಿ ಬರೆದಿಡಿ. ಅಂಚು ಚಪ್ಪಟೆಯಾಗುತ್ತಾ ಬಂದರೆ ಸರಿಯಾಗುತ್ತಿದೆ ಅಂತ ಅರ್ಥ. ಹೊಸ ಗಂಟು ಎದ್ದರೆ ಮುಂದಿನ ಇಂಜೆಕ್ಷನ್‌ವರೆಗೆ ಕಾಯದೆ ಹೋಗಿ ತೋರಿಸಿ. ರಿಪೋರ್ಟಿನ ಒಂದು ಕಾಪಿ ಊರಿನ ಮನೆಗೂ ಕಳಿಸಿಡಿ.